ಉತ್ತರದೇಶದ ಯಾತ್ರೆಗೆ ಏರ್ಪಾಡು

ಭರತಖಂಡದಷ್ಟು ವಿಸ್ತಾರವೂ ವಿವಿಧವೂ ಆದ ದೇಶದಲ್ಲಿ ಪ್ರವಾಸ ಹೊರಡಲೆಣಿಸಿದವನಿಗೆ ದೂರಕ್ಕಿಂತ ಮೊದಲು ಎದುರಾಗುವ ತೊಡಕು ಋತುವಿನದು. ವೈಶಾಖದಲ್ಲಿ ಮೈಸೂರು ಸೀಮೆಯವನು ನಾಲ್ಕು ಹನಿ ಮಳೆ ಬಿದ್ದು ತಣಿದ ನೆಲದಿಂದ ಹೊರಟರೆ ನಾಗಪುರದಲ್ಲಿ ಬೆಂಕಿಯಂತಹ ಬಿಸಿಲನ್ನು ಹಾಯಬೇಕು. ಆಷಾಢದಲ್ಲಿ ಹೊರಟನೋ, ಕೃಷ್ಣೆ ಗೋದಾವರಿ ನರ್ಮದೆಗಳು ಒಂದಾದ ಮೇಲೊಂದು ತುಂಬಿ ಹರಿದು ದಾರಿಯನ್ನು ಕಟ್ಟುವುವು. ಕಾರ್ತಿಕದಲ್ಲಿ ಗಂಗೆಯ ಬಯಲೆಲ್ಲ ಹಿತವಾಗಿರುವಾಗಲೇ ರಾಮೇಶ್ವರದ ಕಡೆ ಹಿಂಗಾರಿನ ಬಿರುಮಳೆ. ಇತ್ತ ಬದರಿಯ ಬಾಗಿಲು ದೀಪಾವಳಿಯ ಆಸುಪಾಸಿನಲ್ಲಿ ಮುಚ್ಚಿತೆಂದರೆ ಮತ್ತೆ ವೈಶಾಖದವರೆಗೆ ತೆರೆಯುವುದಿಲ್ಲ. ಇಡೀ ದೇಶಕ್ಕೆ ಒಪ್ಪುವ ತಿಂಗಳೆಂಬುದು ಪಂಚಾಂಗದಲ್ಲಿಯೇ ಇಲ್ಲ. ಆದಕಾರಣ ಎಲ್ಲವನ್ನೂ ಒಂದೇ ಸಲಕ್ಕೆ ನೋಡಿ ಮುಗಿಸುವ ಆಸೆಯನ್ನು ನಮ್ಮ ಹಿರಿಯರು ಇಟ್ಟುಕೊಳ್ಳಲೇ ಇಲ್ಲವೆಂದು ತೋರುತ್ತದೆ. ಅವರು ಒಂದು ಎಳೆಯನ್ನು ಹಿಡಿಯುತ್ತಿದ್ದರು: ಕಾಶಿ, ಪ್ರಯಾಗ, ಗಯೆಗಳೆಂಬ ತ್ರಿಸ್ಥಲಿ, ಆಯುಸ್ಸೂ ಅನುಕೂಲವೂ ಇದ್ದವರಿಗೆ ಅದರೊಡನೆ ರಾಮೇಶ್ವರ. ಸೇತುವಿನ ಮರಳನ್ನು ಪ್ರಯಾಗದ ಸಂಗಮಕ್ಕೂ ಗಂಗೆಯ ನೀರನ್ನು ರಾಮೇಶ್ವರನ ಅಭಿಷೇಕಕ್ಕೂ ಒಯ್ಯಬೇಕೆಂಬ ವಿಧಿಯು ಈ ಮಹಾದೇಶದ ಎರಡು ಕೊನೆಗಳನ್ನು ಒಂದು ಹುರಿಯಲ್ಲಿ ಕಟ್ಟಿದ್ದಿತು. ನಡುವಣ ನಾಡುಗಳೆಲ್ಲ ಆ ಹುರಿಗುಂಟ ತಾವಾಗಿಯೇ ಬಂದು ಸೇರಿಕೊಳ್ಳುತ್ತಿದ್ದುವು.

ದೂರದ ಲೆಕ್ಕವನ್ನೂ ಒಮ್ಮೆ ಹಾಕಿನೋಡುವುದು ಮೇಲು. ಬೆಂಗಳೂರಿನಿಂದ ಹೈದರಾಬಾದು, ನಾಗಪುರ, ಜಬ್ಬಲಪುರ, ಮಿರ್ಜಾಪುರಗಳ ಮಾರ್ಗವಾಗಿ ಕಾಶಿಗೆ ಸುಮಾರು 1,100 ಮೈಲಿ. ಎತ್ತಿನ ಗಾಡಿಯಾಗಲಿ ಕಾಲ್ನಡೆಯ ಗುಂಪಾಗಲಿ ದಿನಕ್ಕೆ ಹತ್ತು ಹನ್ನೆರಡು ಮೈಲಿ ಸಾಗಿದರೆ ಹೆಚ್ಚು; ಏಕಾದಶಿಯ ತಂಗುವಿಕೆ, ಜ್ವರ, ಮುರಿದ ಅಚ್ಚು, ಕುಂಟಿದ ಎತ್ತು ಇವೊಂದನ್ನೂ ಗಣಿಸದೆ ಬರಿಯ ನಡಿಗೆಗೇ ಮೂರು ತಿಂಗಳು ಮಿಕ್ಕಿಹೋಗುತ್ತಿದ್ದುವು. ಹೋಗಿಬರುವುದರೊಳಗೆ ವರ್ಷವೊಂದು ಸಂದಿತೆಂದರೆ ಬೇಗನೆ ಬಂದನೆಂದೇ ಅರ್ಥ. ಹಾಗಾಗಿ ಮೊದಲ ಏರ್ಪಾಡು ದಾರಿಯದಾಗಿರದೆ ಮನೆಯದಾಗಿರುತ್ತಿದ್ದಿತು. ಸಾಲ ತೀರಿಸುವುದು, ಬರಬೇಕಾದುದಕ್ಕೆ ಪತ್ರ ಮಾಡಿಸುವುದು, ಹೆಣ್ಣುಮಕ್ಕಳ ಮದುವೆಯನ್ನು ಮುಗಿಸುವುದು, ಹೊಲಮನೆಯ ವಿಚಾರವನ್ನು ಹಿರಿಯ ಮಗನಿಗೋ ತಮ್ಮನಿಗೋ ಒಪ್ಪಿಸುವುದು—ಇವೆಲ್ಲ ಆದ ಮೇಲೆ ಊರವರೆಲ್ಲ ಗಡಿಯವರೆಗೆ ಬಂದು ಬೀಳ್ಕೊಡುತ್ತಿದ್ದರು. ಆ ಬೀಳ್ಕೊಡುಗೆಯ ಪರಿಕರಗಳು ಯಾವುವೆಂದು ತಿಳಿಯಬೇಕಾದವರು ಹಳೆಯ ಗ್ರಂಥಗಳನ್ನು ಹುಡುಕಬೇಕಾಗಿಲ್ಲ; ನಮ್ಮ ಮದುವೆಯ ಮನೆಗಳಲ್ಲಿ ವರನು ಕಾಶೀಯಾತ್ರೆಗೆ ಹೊರಡುವಾಗ ಅವನ ಕೈಗೆ ಕೊಡುವ ಕೊಡೆ, ಊರುಗೋಲು, ಕಾಲಿಗೆ ಮೆಟ್ಟು, ಹೆಗಲಿಗೆ ಪಂಚೆ—ಇವೇ. ಹೆಣ್ಣಿನ ತಂದೆ ಬಂದು ಅವನನ್ನು ತಡೆದು ಹಿಂದಿರುಗಿಸುವುದು ಇಂದು ವಿನೋದವಾಗಿದೆ. ನಿಜವಾಗಿ ಹೊರಟವನನ್ನು ತಡೆಯಲು ಮನಸ್ಸಾಗುವ ಕಾಲವೂ ಒಂದಿದ್ದಿತು.

ಈ ಯಾತ್ರೆಗೆ ರಾಜರ ಬೊಕ್ಕಸವೂ ನೆರವಾದುದುಂಟು. ಹೊಯ್ಸಳ ಮೂರನೆಯ ನರಸಿಂಹನ 1279ರ ಶಾಸನವೊಂದು ಹೆಬ್ಬಾಲೆಯೆಂಬ ಗ್ರಾಮದ ಉತ್ಪತ್ತಿಯಾದ ವರ್ಷಕ್ಕೆ 645 ನಿಷ್ಕಗಳನ್ನು, ಕಾಶಿಯಲ್ಲಿ ತುರುಷ್ಕರು ಯಾತ್ರಿಕರ ಮೇಲೆ ಹೇರಿದ್ದ ತೆರಿಗೆಯನ್ನು ಸಲ್ಲಿಸುವುದಕ್ಕೂ ವಿಶ್ವೇಶ್ವರನ ಸೇವೆಗೂ ಬಿಟ್ಟುಕೊಟ್ಟುದನ್ನು ಹೇಳುತ್ತದೆ. ಆ ಧನದ ಪ್ರಯೋಜನವು ಕರ್ಣಾಟಕದವರಿಗೆ ಮಾತ್ರವೇ ಮೀಸಲಾಗಿರಲಿಲ್ಲ; ತುಳುವರು, ತೆಲುಗರು, ಅಷ್ಟೇಕೆ, ತಿರಹುತ ಗೌಡ ದೇಶಗಳವರು ಕೂಡ ಅದರಲ್ಲಿ ಸೇರಿದ್ದರು. ದೋರಸಮುದ್ರದಲ್ಲಿ ಕುಳಿತ ಅರಸನೊಬ್ಬನು, ತನ್ನ ಆಳ್ವಿಕೆಯ ಎಲ್ಲೆಯಿಂದ ನೂರಾರು ಹರದಾರಿ ದೂರದಲ್ಲಿ, ಪರರ ಅಧಿಕಾರದಲ್ಲಿದ್ದ ಪಟ್ಟಣದ ಸುಂಕದ ಕಟ್ಟೆಯಲ್ಲಿ ನಿಂತ ಅಪರಿಚಿತ ಯಾತ್ರಿಕನ ಹಣವನ್ನು ತಾನು ತೆರುವುದೆಂದರೆ, ಆ ಕಾಲದವರ ಮನಸ್ಸಿನಲ್ಲಿದ್ದ ದೇಶದ ಚಿತ್ರವು ಅವರ ರಾಜ್ಯಗಳ ಎಲ್ಲೆಗಿಂತ ದೊಡ್ಡದಾಗಿದ್ದಿತೆಂದು ಹೇಳಲು ಬೇರೆ ಪ್ರಮಾಣ ಬೇಡ.

ಇಂತಹ ಪಯಣದ ಒಳವಿವರಗಳನ್ನು ನಮಗೆ ಉಳಿಸಿಕೊಟ್ಟವರಲ್ಲಿ ಅಗ್ರಗಣ್ಯನು ಏನುಗುಲ ವೀರಾಸ್ವಾಮಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯ ಉದ್ಯೋಗದಲ್ಲಿದ್ದ ಈ ತೆಲುಗು ಗೃಹಸ್ಥನು 1830ನೆಯ ಇಸವಿ ಮೇ 18ರಂದು ದೊಡ್ಡ ಪರಿವಾರದೊಡನೆ ಹೊರಟು, ತಿರುಪತಿ, ಶ್ರೀಶೈಲ, ಹೈದರಾಬಾದು, ನಾಗಪುರ, ಜಬ್ಬಲಪುರಗಳನ್ನು ಹಾದು, ಪ್ರಯಾಗ ಕಾಶಿ ಗಯೆಗಳನ್ನು ಸೇವಿಸಿ, ಕಲ್ಕತ್ತೆಯನ್ನು ಕಂಡು, ಜಗನ್ನಾಥದ ಮೇಲೆ ಕಡಲ ಕರೆಯಗುಂಟ ಇಳಿದು, 1831ರ ಸೆಪ್ಟೆಂಬರ್ 3ರಂದು ಮದರಾಸಿಗೆ ಮರಳಿದನು. ದಾರಿಯುದ್ದಕ್ಕೂ ತಾನು ಕಂಡುದನ್ನು ಬರೆಬರೆದು ಕೋಮಲೇಶ್ವರಪುರದ ಶ್ರೀನಿವಾಸಪಿಳ್ಳೆಯೆಂಬ ಮಿತ್ರನಿಗೆ ಕಳುಹುತ್ತಿದ್ದನು. ಅವೆಲ್ಲ ಕೂಡಿ, ವೀರಾಸ್ವಾಮಿ ತೀರಿಕೊಂಡ ಎರಡು ವರ್ಷಕ್ಕೆ, 1838ರಲ್ಲಿ ‘ಕಾಶೀಯಾತ್ರಾ ಚರಿತ್ರ’ವೆಂದು ಅಚ್ಚಾಯಿತು. ದೇವಾಲಯಗಳ ಮಹಿಮೆಯನ್ನು ಅರಸಿ ಆ ಪುಸ್ತಕವನ್ನು ತೆರೆದವನಿಗೆ ಮೊದಲು ಸಿಕ್ಕುವುದು ಅಂಗಡಿಗಳ ವಿಚಾರ. ಈ ಊರಿನಲ್ಲಿ ಇಳಿಯಲು ಚಾವಡಿಯುಂಟೇ, ಅಕ್ಕಿ ಬೇಳೆ ದೊರೆಯುವುದೇ, ಬಾವಿಯ ನೀರು ಸಿಹಿಯೋ ಉಪ್ಪೋ, ದಾರಿ ಮರಳೋ ಎರೆಯೋ ಕಲ್ಲೋ, ಮುಂದಿನ ಮಜಲಿಗೆ ಎಷ್ಟು ದೂರ—ಊರು ಊರಿಗೂ ಇದೇ ಪ್ರಶ್ನೆ, ಇದೇ ಉತ್ತರ. ಓದುಗನಿಗೆ ಕೆಲವೆಡೆ ಬೇಸರವೂ ಆದೀತು. ಆದರೆ ತನ್ನ ಹಿಂದೆ ಹೊರಡುವವನ ಕೈಯಲ್ಲಿ ಇರಬೇಕಾದ ಪುಸ್ತಕವಿದೆಂಬ ಎಚ್ಚರ ಅವನಿಗೆ ಎಲ್ಲಿಯೂ ತಪ್ಪಿದಂತೆ ಕಾಣುವುದಿಲ್ಲ. ಬಿರುಬೇಸಗೆಯಲ್ಲಿ ಹೊರಟು ಮಳೆಗಾಲವನ್ನು ದಕ್ಷಿಣಾಪಥದ ನದಿಗಳ ನಡುವೆ ಎದುರುಗೊಂಡ ಅವನ ಮುಹೂರ್ತವನ್ನು ನಾನು ಮೆಚ್ಚಲಾರೆ. ದಸರೆ ಕಳೆದ ಮೇಲೆ ಹೊರಡುವ ಹಳೆಯ ವಾಡಿಕೆಯೇ ಮೇಲಾದುದು. ಸಂನ್ಯಾಸಿಗಳು ಚಾತುರ್ಮಾಸ್ಯವೆಂದು ಒಂದೆಡೆ ನಿಲ್ಲುತ್ತಿದ್ದುದರಲ್ಲಿ ವೈರಾಗ್ಯದಷ್ಟೇ ವಿವೇಕವೂ ಇದ್ದಿತು.

ಮುಹೂರ್ತವಾದ ಮೇಲೆ ಹಣ. ಸಾವಿರ ಮೈಲಿಯ ದಾರಿಗೆ ಬೇಕಾದುದನ್ನು ಸೊಂಟದ ಹಮ್ಮಿಣಿಯಲ್ಲಿ ಕಟ್ಟಿಕೊಂಡು ಹೊರಡುವುದು ಕಳ್ಳರಿಗೆ ಕರೆಯೋಲೆ ಬರೆದಂತೆಯೇ ಸರಿ. ಠಕ್ಕರ ಭಯವು ಮಧ್ಯದೇಶದ ದಾರಿಗಳಲ್ಲಿ ಹಬ್ಬಿದ್ದ ದಿನಗಳವು, ಅವರನ್ನು ಅಡಗಿಸಲು ಸ್ಲೀಮನ್ ಸಾಹೇಬನು ಕೈಹಾಕಿದ ದಿನಗಳೂ ಅವೇ. ಅಪರಿಚಿತನಾದ ಸಹಪಯಣಿಗನು ಎಷ್ಟು ಸೌಮ್ಯನೋ ಅಷ್ಟು ಅಪಾಯಕಾರಿಯೆಂಬುದು ದಾರಿಗರ ಮೊದಲ ಪಾಠ. ಆದುದರಿಂದಲೇ ಜನ ತಮ್ಮ ಸೀಮೆಯವರೊಡನೆ ದೊಡ್ಡ ಗುಂಪಾಗಿ ಹೊರಡುತ್ತಿದ್ದರು. ಹಣವನ್ನು ಊರಿನ ಸಾಹುಕಾರನಲ್ಲಿ ಕಟ್ಟಿ, ಹೈದರಾಬಾದಿನ ಇಲ್ಲವೆ ಕಾಶಿಯ ಕೋಠಿಯ ಮೇಲೆ ಹುಂಡಿ ಬರೆಯಿಸಿಕೊಂಡರೆ, ಅಂಗೈಯಗಲದ ಕಾಗದದ ಚೂರು ಅಷ್ಟು ದೂರವನ್ನು ನಿರ್ಭಯವಾಗಿ ದಾಟುತ್ತಿದ್ದಿತು. ಆದರೂ ದಿನದ ಖರ್ಚಿಗೆ ನಾಣ್ಯ ಬೇಕಷ್ಟೆ. 1835ರಲ್ಲಿ ಕಂಪನಿ ಸರಕಾರದವರು ತಮ್ಮ ಆಳ್ವಿಕೆಯ ಸೀಮೆಗಳಿಗೆಲ್ಲ ಒಂದೇ ರೂಪಾಯಿಯನ್ನು ಚಲಾವಣೆಗೆ ತರುವವರೆಗೆ, ದಕ್ಷಿಣದ ವರಹವೇ ಬೇರೆ, ನಿಜಾಮನ ಸೀಮೆಯ ರೂಪಾಯಿಯೇ ಬೇರೆ, ನಾಗಪುರದ ಭೋಸಲೆಯವರ ರೂಪಾಯಿ ಬೇರೆ, ಕಲ್ಕತ್ತೆಯ ಸಿಕ್ಕಾ ಬೇರೆ. ಸೀಮೆ ಸೀಮೆಗೂ ಸರಾಫನ ಗದ್ದುಗೆಯ ಮುಂದೆ ಕುಳಿತು ವಟ್ಟವನ್ನು ತೆತ್ತು ನಾಣ್ಯ ಬದಲಿಸಬೇಕು. ಸೇರೆಂಬ ಹೆಸರು ಎಲ್ಲೆಡೆ ಒಂದೇ, ಅದರ ತೂಕ ಮಾತ್ರ ಊರಿಗೊಂದು. ಹಣದ ವಿಷಯದಲ್ಲಿ ನಮ್ಮ ಯಾತ್ರಿಕನು ಒಂದೇ ದೇಶದೊಳಗೆ ಹತ್ತು ಹೊರದೇಶಗಳನ್ನು ಸುತ್ತಿ ಬರುತ್ತಿದ್ದನು.

ಇಳಿಯುವ ತಾವಿನ ಚಿಂತೆ ಇದಕ್ಕೆ ಹೋಲಿಸಿದರೆ ಕಡಮೆ. ಶೇರ್ ಶಹನ ಸರಾಯಿಗಳು ಉತ್ತರದ ಹೆದ್ದಾರಿಯಲ್ಲಿದ್ದುವು. ಮಧುರೆಯ ರಾಣಿ ಮಂಗಮ್ಮಳ ಹೆಸರು ತಮಿಳುನಾಡಿನ ಛತ್ರಗಳಲ್ಲಿಯೂ ಸಾಲುಮರಗಳಲ್ಲಿಯೂ ಉಳಿದಿದೆ. ಇಂದೂರಿನ ಅಹಲ್ಯಾಬಾಯಿ ಹೋಳ್ಕರಳಂತೂ ಕಾಶಿಯ ವಿಶ್ವೇಶ್ವರನ ಗುಡಿಯನ್ನು ಕಟ್ಟಿಸಿದುದಲ್ಲದೆ, ತನ್ನ ಅಧೀನದಲ್ಲಿಲ್ಲದ ದೂರದೂರದ ಕ್ಷೇತ್ರಗಳಲ್ಲಿ ಕೂಡ ಘಾಟುಗಳನ್ನೂ ಧರ್ಮಶಾಲೆಗಳನ್ನೂ ಮಾಡಿಸಿದಳು. ಕಾಶಿಯ ಜಂಗಮವಾಡಿ ಮಠವು ವೀರಶೈವ ಯಾತ್ರಿಕರಿಗೆ ಬಹುಕಾಲದ ಆಶ್ರಯ. ಹನುಮಾನ್ ಘಾಟಿಗೂ ಹರಿಶ್ಚಂದ್ರ ಘಾಟಿಗೂ ನಡುವೆ ಮೈಸೂರು ಸಂಸ್ಥಾನದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ ಘಾಟು ಇಂದು ಕರ್ನಾಟಕ ಘಾಟೆಂದು ಹೆಸರಾಗಿದೆ. ರೈಲು ಬಂದ ಮೇಲೆ ಛತ್ರಗಳು ಹೆದ್ದಾರಿಯನ್ನು ಬಿಟ್ಟು ನಿಲ್ದಾಣದ ಎದುರಿಗೆ ಬಂದುವು; ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಛತ್ರವು ಅದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ.

ಇಷ್ಟಾದರೂ ಭಾಷೆಯರಿಯದ, ಆಚಾರವರಿಯದ ಊರಿನಲ್ಲಿ ಹೊಸಬನನ್ನು ಕೈಹಿಡಿದು ನಡೆಸುವವರು ಬೇಕಲ್ಲವೆ? ಆ ಸ್ಥಾನದಲ್ಲಿದ್ದವರು ಪಂಡರು. ಇವರನ್ನು ಹಳಿಯುವುದು ವಿದ್ಯಾವಂತರ ವಾಡಿಕೆಯಾಗಿದೆ. ಹಳಿಯಲು ಕಾರಣಗಳೂ ಇಲ್ಲದಿಲ್ಲ. ದಕ್ಷಿಣೆಯ ವಿಚಾರದಲ್ಲಿ ಅವರ ಲೆಕ್ಕವೂ ಯಾತ್ರಿಕನ ಲೆಕ್ಕವೂ ಕೂಡಿಬಂದ ದಿನ ಅಪರೂಪ. ಆದರೆ ಆ ವೃತ್ತಿಯ ಕಟ್ಟಡವನ್ನು ಒಮ್ಮೆ ನೋಡಬೇಕು. ದೇಶವನ್ನೆಲ್ಲ ಪ್ರಾಂತ ಪ್ರಾಂತವಾಗಿ, ಜಿಲ್ಲೆ ಜಿಲ್ಲೆಯಾಗಿ ಮನೆತನಗಳು ಹಂಚಿಕೊಂಡಿದ್ದುವು. ಗಯೆಯ ಗಯಾವಳರು ಮಧ್ವಮತವನ್ನು ಸ್ವೀಕರಿಸಿದವರಾದುದರಿಂದ ನಮ್ಮ ಕಡೆಯವರೊಡನೆ ಅವರ ಬಳಕೆ ಮೊದಲಿನಿಂದಲೂ ಉಂಟು. ಪುರಿಯ ಪಂಡರ ಗುಮಾಸ್ತರು ಹಳ್ಳಿಹಳ್ಳಿಗೂ ಹೋಗಿ ಯಾತ್ರಿಕರನ್ನು ಹೊರಡಿಸುತ್ತಿದ್ದರು. ಯಾತ್ರಿಕನು ಬಂದಿಳಿದೊಡನೆ ಅವರ ಪ್ರಶ್ನೆಗಳು ಮೂರು: ಯಾವ ಜಿಲ್ಲೆ, ಯಾವ ಊರು, ಯಾವ ಗೋತ್ರ? ಉತ್ತರ ದೊರೆತೊಡನೆ ಬಟ್ಟೆಯ ಹೊದಿಕೆಯ ಉದ್ದವಾದ ಬಹಿಯೊಂದು ಒಳಗಿನಿಂದ ಬರುವುದು. ಬೆರಳು ಹಾಳೆಗಳ ಮೇಲೆ ಓಡಿ ಒಂದೆಡೆ ನಿಲ್ಲುವುದು. ಅಲ್ಲಿ ನೋಡಿದರೆ ತಾತನ ಹೆಸರು, ಅವನ ತಂದೆಯ ಹೆಸರು, ಬಂದ ಸಂವತ್ಸರ, ಒಡನಿದ್ದವರ ಹೆಸರು, ಕೆಳಗೆ ಅವನದೇ ಹಸ್ತಾಕ್ಷರ. ಮನೆಯಲ್ಲಿ ಯಾರಿಗೂ ನೆನಪಿಲ್ಲದ ಮುತ್ತಾತನ ತಮ್ಮನೊಬ್ಬನು ಸಾವಿರ ಮೈಲಿಯಾಚೆ, ಬೇರೊಂದು ಭಾಷೆಯ ಮನೆಯಲ್ಲಿ, ಹೆಸರುವಾಸಿಯಾಗಿ ಉಳಿದಿರುತ್ತಾನೆ. ಬಂದವನೂ ತನ್ನ ಹೆಸರನ್ನು ಅದರ ಕೆಳಗೆ ಬರೆಯುವನು. ಮೊಮ್ಮಕ್ಕಳ ಯಾತ್ರೆಗೆ ಆಗಲೇ ಏರ್ಪಾಡಾದಂತಾಯಿತು. ಹಣ ಸಾಲದೆ ಬಂದವನಿಗೆ ಈ ಬಹಿಯ ಪರಿಚಯದ ಬಲದ ಮೇಲೆಯೇ ಸಾಲವೂ ಹುಟ್ಟುತ್ತಿದ್ದಿತು. ಇಂತಹ ವಿಶ್ವಾಸವನ್ನು ಇಂದಿನ ಯಾವ ಪ್ರವಾಸ ಸಂಸ್ಥೆಯೂ ತೋರಲಾರದು. ತೋರಬೇಕೆಂದು ಕೇಳುವುದೂ ನ್ಯಾಯವಲ್ಲ.

ಎಷ್ಟೇ ಏರ್ಪಾಡಾಗಿದ್ದರೂ ಕಾಲವು ಮುನಿದರೆ ಎಲ್ಲವೂ ಮಣ್ಣುಗೂಡುವುದಕ್ಕೆ ವಿಷ್ಣುಭಟ್ಟ ಗೋಡಸೆಯ ಉದಾಹರಣೆ ಸಾಕು. ಕೊಂಕಣದ ವರ್ಸಯಿಯೆಂಬ ಗ್ರಾಮದ ಈ ಬಡ ವೈದಿಕನು, ಸಾಲ ತೀರಿಸುವಷ್ಟು ದಕ್ಷಿಣೆ ದೊರೆಯಬಹುದೆಂದೂ ದಾರಿಯಲ್ಲಿಯೇ ಗಂಗಾಸ್ನಾನವೂ ಆದೀತೆಂದೂ ಎಣಿಸಿ, ಗ್ವಾಲಿಯರಿನ ಬಾಯಜಾಬಾಯಿ ಶಿಂದೆಯ ಯಜ್ಞಕ್ಕೆಂದು ಚಿಕ್ಕಪ್ಪನೊಡನೆ ಹೊರಟುದು 1857ರಲ್ಲಿ. ಅದು ಎಂತಹ ವರ್ಷವೆಂದು ಅವನಿಗೆ ಹೇಗೆ ತಿಳಿಯಬೇಕು? ಯಜ್ಞದ ದಾರಿಯಲ್ಲಿ ಯುದ್ಧ ಬಂದಿತು, ಝಾನ್ಸಿಯ ಮುತ್ತಿಗೆಯನ್ನು ಅವನು ಕೋಟೆಯ ಊರೊಳಗಿದ್ದೇ ಕಂಡನು, ಗಳಿಸಿದುದೆಲ್ಲ ಲೂಟಿಯಾಯಿತು. ಮನೆಗೆ ಮರಳುವಾಗ ಅವನ ಬಳಿ ಉಳಿದಿದ್ದ ಸಂಪಾದನೆಯೆಂದರೆ ಹೆಗಲ ಮೇಲಣ ಗಂಗೋದಕದ ಕಾವಡಿ. ಬಹುಕಾಲದ ಮೇಲೆ, 1907ರಲ್ಲಿ, ‘ಮಾಝಾ ಪ್ರವಾಸ’ವೆಂದು ಮರಾಠಿಯಲ್ಲಿ ಅವನ ವೃತ್ತಾಂತ ಪ್ರಕಟವಾಯಿತು.

ಅವನು ಹೊರಡುವುದಕ್ಕೆ ನಾಲ್ಕು ವರ್ಷ ಮೊದಲೇ, 1853ರ ಏಪ್ರಿಲ್ 16ರಂದು, ಮುಂಬಯಿಯಿಂದ ಠಾಣೆಗೆ 21 ಮೈಲಿಗಳ ರೈಲು ಓಡಿದ್ದಿತು. 1864ರಲ್ಲಿ ಬೆಂಗಳೂರು ದಂಡಿಗೆ ಜೋಲಾರಪೇಟೆಯ ಕಡೆಯಿಂದ ಕಂಬಿ ಬಂದಿತು. 1870ರಲ್ಲಿ ಮುಂಬಯಿ ಕಲ್ಕತ್ತೆಗಳೂ, ಮರುವರ್ಷ ರಾಯಚೂರಿನಲ್ಲಿ ಎರಡು ಕಂಪನಿಗಳ ಹಾದಿಗಳು ಕೂಡಿ ಮುಂಬಯಿ ಮದರಾಸುಗಳೂ ಬೆಸೆದುವು. ಕಾಶಿಗೆ ಬಂದವನು ಮಾತ್ರ ಆಚೆಯ ದಡದಲ್ಲಿಯೇ ಇಳಿದು ಹೊಳೆಯನ್ನು ದಾಟಬೇಕಾಗಿದ್ದಿತು. ಗಂಗೆಯ ಮೇಲಣ ಸೇತುವೆ ತೆರೆದುದು 1887ರಲ್ಲಿ. ಅತ್ತ ಪಾಂಬನ್ ಸೇತುವೆ 1914ರಲ್ಲಿ ಆಗಿ, ರಾಮೇಶ್ವರಕ್ಕೂ ಗಾಡಿಯಲ್ಲಿಯೇ ಕುಳಿತು ಹೋಗುವಂತಾಯಿತು. ಮೂರು ತಿಂಗಳ ದಾರಿ ಕೆಲವೇ ದಿನಗಳದಾಯಿತು. ಹೆಂಗಸರೂ ಬಡವರೂ ಮುದುಕರೂ ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ಹೊರಟರು. ಇದು ಸಾಮಾನ್ಯವಾದ ಉಪಕಾರವಲ್ಲ. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯುವುದು ಕೃತಘ್ನತೆಯಾದೀತು.

ಆದರೆ ಏರ್ಪಾಡಿನ ತೊಡಕು ತಪ್ಪಲಿಲ್ಲ, ರೂಪ ಬದಲಿಸಿತು. ಕಂಬಿಗಳ ಅಗಲವೇ ಒಂದಾಗಿರಲಿಲ್ಲ: ಮುಖ್ಯ ಮಾರ್ಗಗಳು ಐದೂವರೆ ಅಡಿಯವು, ಮೈಸೂರು ಸೀಮೆಯ ಬಹುಪಾಲು ಹಾದಿಗಳು ಮೀಟರ್ ಗೇಜಿನವು. ನಮ್ಮವರು ಉತ್ತರಕ್ಕೆ ಹೋಗಬೇಕಾದರೆ ಗುಂತಕಲ್ಲಿನಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಟ್ರಂಕು ಹೋಲ್ಡಾಲು ಕೂಜಾ ಬುತ್ತಿಯ ಗಂಟುಗಳನ್ನೆಲ್ಲ ಒಂದು ಗಾಡಿಯಿಂದ ಇಳಿಸಿ, ಮಕ್ಕಳನ್ನು ಎಣಿಸಿ, ಇನ್ನೊಂದು ಗಾಡಿಗೆ ಏರಿಸಬೇಕಾಗಿದ್ದಿತು. ಕಾಲವೂ ಒಂದಾಗಿರಲಿಲ್ಲ. ರೈಲಿನವರು ಮದರಾಸಿನ ಗಡಿಯಾರವನ್ನು ಹಿಡಿದಿದ್ದರು, ಮುಂಬಯಿ ಕಲ್ಕತ್ತೆಗಳವರು ತಮ್ಮ ತಮ್ಮ ಗಡಿಯಾರವನ್ನು. 1906ರಲ್ಲಿ ಭಾರತಕ್ಕೆಲ್ಲ ಒಂದು ಕಾಲಮಾನ ಗೊತ್ತಾದ ಮೇಲೆಯೂ ಕಲ್ಕತ್ತೆ 1948ರವರೆಗೆ, ಮುಂಬಯಿ 1955ರವರೆಗೆ ತಮ್ಮ ಹಟವನ್ನು ಬಿಡಲಿಲ್ಲ. ಮುಂಬಯಿಯ ಊರ ಗಡಿಯಾರವು ರೈಲಿನ ಗಡಿಯಾರಕ್ಕಿಂತ 39 ನಿಮಿಷ ಹಿಂದೆ. ಇದನ್ನರಿಯದ ಹೊರಗಿನವನು ಗಾಡಿ ತಪ್ಪಿಸಿಕೊಂಡರೆ ದೂರು ಯಾರ ಮೇಲೆ? ಪಂಚಾಂಗದ ಜಾಗಕ್ಕೆ ಬ್ರಾಡ್‌ಷಾ ಎಂಬ ವೇಳಾಪಟ್ಟಿಯ ದಪ್ಪ ಪುಸ್ತಕ ಬಂದಿತು. ಅದನ್ನು ಓದಬಲ್ಲವನಿಗೆ ಜೋಯಿಸರಿಗಿದ್ದ ಮರ್ಯಾದೆ ಮನೆಯಲ್ಲಿ ದೊರೆಯತೊಡಗಿತು.

ಈ ಹೊಸ ಸೌಕರ್ಯವನ್ನು ಹಳೆಯ ಯಾತ್ರಿಕನ ಮನೋಧರ್ಮದಿಂದ ಬಳಸಿಕೊಂಡವರು ವಿರಳ. ಗಾಂಧಿಯವರ 1902ರ ಪಯಣವು ಅಂತಹುದೊಂದು. ಕಲ್ಕತ್ತೆಯಿಂದ ರಾಜಕೋಟೆಗೆ ಮೂರನೆಯ ತರಗತಿಯಲ್ಲಿ ಹೋಗಬೇಕೆಂದು ನಿಶ್ಚಯಿಸಿ ಅವರು ಮಾಡಿಕೊಂಡ ಸಿದ್ಧತೆಯನ್ನು ಆತ್ಮಕಥೆಯಲ್ಲಿ ಹೇಳಿದ್ದಾರೆ: ಹನ್ನೆರಡಾಣೆಯ ಕ್ಯಾನ್‌ವಾಸು ಚೀಲ, ಅದರಲ್ಲಿ ಒರಟು ಉಣ್ಣೆಯ ಕೋಟು, ಪಂಚೆ, ಅಂಗಿ, ಅಂಗವಸ್ತ್ರ, ಹೊದೆಯಲು ಕಂಬಳಿ, ಕುಡಿಯಲು ಚೊಂಬು, ಗೋಖಲೆಯವರು ಪೂರಿಯನ್ನೂ ಸಿಹಿಯನ್ನೂ ತುಂಬಿ ಕೊಟ್ಟ ಲೋಹದ ಡಬ್ಬಿ. ಕಾಶಿ, ಆಗ್ರಾ, ಜಯಪುರ, ಪಾಲನಪುರಗಳಲ್ಲಿ ಒಂದೊಂದು ದಿನ ಇಳಿದು, ಬಹುಮಟ್ಟಿಗೆ ಧರ್ಮಶಾಲೆಗಳಲ್ಲಿಯೂ ಪಂಡರ ಮನೆಯಲ್ಲಿಯೂ ತಂಗಿ, ರೈಲಿನ ಕೂಲಿ ಸೇರಿ ಅವರಿಗಾದ ಖರ್ಚು 31 ರೂಪಾಯಿಯನ್ನು ಮೀರಲಿಲ್ಲ. ನೋಡಬೇಕೆಂದಿದ್ದುದು ಊರುಗಳನ್ನಲ್ಲ, ಮೂರನೆಯ ತರಗತಿಯ ಜನರ ಪಾಡನ್ನು. ಅದನ್ನು ಅವರು ಚೆನ್ನಾಗಿಯೇ ನೋಡಿದರು.

ಸ್ವಾತಂತ್ರ್ಯ ಬಂದ ಮೇಲೆ ಯಾತ್ರೆಯು ಪ್ರವಾಸವಾಯಿತು. 1949ರಲ್ಲಿ ಕೇಂದ್ರ ಸರಕಾರವು ಸಾರಿಗೆ ಸಚಿವಾಲಯದೊಳಗೆ ಪ್ರವಾಸಿಗರಿಗೆಂದು ಒಂದು ಶಾಖೆಯನ್ನು ತೆರೆಯಿತು, 1958ರಲ್ಲಿ ಅದು ಪ್ರತ್ಯೇಕ ಇಲಾಖೆಯಾಯಿತು. ಇವೆರಡರ ನಡುವೆ, 1956ರಲ್ಲಿ, ತನ್ನ ನೌಕರರಿಗೆ ರಜೆಯ ಪ್ರಯಾಣದ ರಿಯಾಯಿತಿಯನ್ನು ಕೊಟ್ಟಿತು. ಮೊದಲು ಸ್ವಂತ ಊರಿಗೆ ಹೋಗಿಬರಲೆಂದು ಕೊಟ್ಟುದು ಅನಂತರ ದೇಶದ ಯಾವ ಮೂಲೆಗಾದರೂ ಹೋಗಿಬರುವಷ್ಟು ಬೆಳೆಯಿತು. ಕಾಶ್ಮೀರವನ್ನೂ ಡಾರ್ಜಿಲಿಂಗನ್ನೂ ನಕಾಶೆಯಲ್ಲಿ ಮಾತ್ರ ಕಂಡಿದ್ದ ಗುಮಾಸ್ತರ ಸಂಸಾರಗಳು ಕಣ್ಣಾರೆ ಕಂಡುದು ಈ ರಿಯಾಯಿತಿಯಿಂದ. ಛತ್ರದ ಜಾಗವನ್ನು ಹೋಟೆಲು ಹಿಡಿಯಿತು. ಮಾಟುಂಗದಲ್ಲಿಯೋ ಮದರಾಸಿನಲ್ಲಿಯೋ ಉಡುಪಿಯವರ ಹೋಟೆಲಿನ ಹಲಗೆ ಕಂಡೊಡನೆ ನಮ್ಮವರಿಗೆ ಬರುವ ಧೈರ್ಯವು ಹಿಂದಿನವರಿಗೆ ಅನ್ನಸತ್ರದ ಗೋಪುರ ಕಂಡಾಗ ಬರುತ್ತಿದ್ದ ಧೈರ್ಯವೇ. ವಿಂಧ್ಯವನ್ನು ದಾಟಿದ ಮೇಲೆ ಸಾರಿನ ಚಿಂತೆ ಹತ್ತದ ಕನ್ನಡಿಗನನ್ನು ನಾನಂತೂ ಕಂಡಿಲ್ಲ.

ಹೀಗೆ ಬಂದ ಸೌಲಭ್ಯದ ಕಾಲದಲ್ಲಿ ಕೆಟ್ಟುದು ಒಂದೇ: ಎಣಿಕೆ. ಹದಿನೈದು ದಿನದ ರಜೆಯಲ್ಲಿ ದಿಲ್ಲಿ, ಆಗ್ರಾ, ಹರಿದ್ವಾರ, ಕಾಶಿ, ಗಯೆ, ಕಲ್ಕತ್ತೆ, ಪುರಿ ಎಂದು ಹತ್ತೂರುಗಳನ್ನು ಪಟ್ಟಿ ಮಾಡಿಕೊಂಡು ಹೊರಟವನು, ಅವುಗಳ ನಡುವಣ ರಾತ್ರಿಗಳನ್ನು ಗಾಡಿಯಲ್ಲಿಯೂ ಹಗಲುಗಳನ್ನು ಟಾಂಗಾದಲ್ಲಿಯೂ ಕಳೆದು, ದಣಿವನ್ನೂ ಗಂಗಾಜಲದ ಗಿಂಡಿಯನ್ನೂ ಹೊತ್ತು ಮರಳುತ್ತಾನೆ. ವೀರಾಸ್ವಾಮಿಗೆ ನಾಗಪುರವೆಂದರೆ ಏನೆಂದು ಗೊತ್ತಿದ್ದಿತು. ಇವನಿಗೆ ಅದು ಕಿತ್ತಳೆ ಹಣ್ಣು ಕೊಳ್ಳುವ ಸ್ಟೇಷನ್ನು. ದೇಶ ದೊಡ್ಡದು, ಆಯುಸ್ಸು ಚಿಕ್ಕದು ಎಂದು ಅವಸರಪಡುವುದಕ್ಕಿಂತ, ಈ ಸಲ ಒಂದು ನದಿಯ ಸೀಮೆ, ಮುಂದಿನ ಸಲ ಇನ್ನೊಂದು ಎಂದು ಗೆರೆ ಎಳೆದುಕೊಂಡು ಋತುವನ್ನು ನೋಡಿ ಹೊರಡುವುದೇ ಸರಿಯಾದ ಏರ್ಪಾಡೆಂದು ನನ್ನ ಅಭಿಪ್ರಾಯ.

ಓದುಗರಲ್ಲಿ ಒಂದು ವಿಜ್ಞಾಪನೆಯುಂಟು. ತೆಲುಗರಿಗೆ ವೀರಾಸ್ವಾಮಿಯಿದ್ದಾನೆ, ಮರಾಠಿಗರಿಗೆ ಗೋಡಸೆಯಿದ್ದಾನೆ. ನಮ್ಮ ಕಡೆಯಿಂದಲೂ ಶತಮಾನಗಳ ಕಾಲ ಜನ ಹೋಗಿದ್ದಾರೆ, ಬಂದಿದ್ದಾರೆ, ಗಂಗಾ ಸಮಾರಾಧನೆಯನ್ನು ಮಾಡಿದ್ದಾರೆ. ಅವರಲ್ಲಿ ಅಕ್ಷರ ಬಲ್ಲವರು ಇಂತಹ ಊರಿನಲ್ಲಿ ಬಾಡಿಗೆಗೆ ಇಷ್ಟು, ಎಣ್ಣೆಗೆ ಇಷ್ಟು, ದೋಣಿಗೆ ಇಷ್ಟು, ಪಂಡರಿಗೆ ಇಷ್ಟು ಎಂದು ಲೆಕ್ಕ ಬರೆಯದೆ ಇದ್ದಿರಲಾರರು. ಅಟ್ಟದ ಮೇಲಣ ಪೆಟ್ಟಿಗೆಯಲ್ಲಿ ಅಜ್ಜನ ಅಂತಹ ಖರ್ಚಿನ ಪುಸ್ತಕವೋ ದಾರಿಯಲ್ಲಿ ಬರೆದ ಕಾಗದಗಳೋ ಸಿಕ್ಕಿದವರು ಅವನ್ನು ರದ್ದಿಯವನಿಗೆ ತೂಗಿ ಕೊಡದೆ, ಹತ್ತಿರದ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗಕ್ಕೆ ಒಪ್ಪಿಸಬೇಕಾಗಿ ಪ್ರಾರ್ಥನೆ.